ಕತಾರದ ಅಳಿಯ

ಬೀದರದ ಬಾವಿಗಳೆಲ್ಲ ಬಾಯಿ ತೆರೆದು ಮುಗಿಲಿಗೇ ನೀರು ಕೇಳುತ್ತಿದ್ದ ವರ್ಷ ಅದು. ಕೇಳಿದವರಿಗೆ ಕೊಡುವ ಚಾಳಿ ಮುಗಿಲಿಗೆ ಮೂರು ವರ್ಷದಿಂದ ತಪ್ಪಿಹೋಗಿತ್ತು. ಹೊಲದಲ್ಲಿ ತೊಗರಿ ಮೊಣಕಾಲೆತ್ತರಕ್ಕೆ ಬಂದು, ಇನ್ನು ಬೆಳೆದು ಮಾಡುವುದೇನಿದೆ ಎಂದು ಅಲ್ಲೇ ಒಣಗಿ ನಿಂತಿತು. ತೊಗರಿ ಬಾರದ ಮೇಲೆ ಕಾಳಿನ ಪೇಟೆ ಗಾಂಧಿ ಗಂಜಿನ ತಕ್ಕಡಿಗಳಿಗೆ ಕೆಲಸವೇನು? ಗುಬ್ಬಿಗಳು ಅವುಗಳಲ್ಲಿ ಕೂತು ಒಂದನ್ನೊಂದು ತೂಗಿಕೊಳ್ಳುತ್ತಿದ್ದವು.

ತಕ್ಕಡಿಗೆ ಕೆಲಸವಿಲ್ಲವೆಂದರೆ ಮಚ್ಛೇಂದ್ರನಿಗೂ ಇಲ್ಲ. ಗಂಜಿನಲ್ಲಿ ಚೀಲ ತೂಗುವುದೇ ಅವನ ಕಸುಬು. ಹೆಂಡತಿ ಶಾಲುಬಾಯಿ ಚೊಚ್ಚಲ ಹೆರಿಗೆಗೆ ತವರೂರು ಔರಾದಿಗೆ ಹೋಗಿದ್ದಳು. ಮನೆಯಲ್ಲಿ ಒಬ್ಬನೇ ಉಳಿದ ಮಚ್ಛೇಂದ್ರ ದಿನವೂ ಹೊಸ್ತಿಲ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಗೋಡೆ ಬೀಳದಂತೆ ನೋಡಿಕೊಳ್ಳುತ್ತಿದ್ದ.

ಇದನ್ನು ಎದುರುಮನೆಯ ಸುಭದ್ರಾಬಾಯಿ ನೋಡಿದರು. ಅವರು ನಿವೃತ್ತ ಶಿಕ್ಷಕಿ. ಮೂವತ್ತು ವರ್ಷ ಮಕ್ಕಳೆಲ್ಲ ಅವರ ದನಿಗೆ ಹೆದರಿದ್ದರು. ಈಗ ಅವರು ತಮ್ಮ ಮೊಣಕಾಲಿಗೆ ಹೆದರುತ್ತಿದ್ದರು.

"ಮಚ್ಛೇಂದ್ರ, ಗ್ವಾಡಿ ಎಲ್ಲೀಗಿ ಓಡಿ ಹೋಗಂಗಿಲ್ಲ, ಏಳು. ನನ್ನ ಕೊಡಾ ತಗೊಂಡು ಟ್ಯಾಂಕರಿನ ಕತಾರದಾಗ ನಿಂದ್ರು. ಕೂಲಿ ಕೊಡ್ತೇನಿ."

ಅವನು ನಿಂತ. ನಿಲ್ಲುವುದರಲ್ಲಿ ಅವನಿಗೊಂದು ದೈವದತ್ತ ಪ್ರತಿಭೆ ಇದೆಯೆಂದು ಓಣಿಗೆ ಅಂದೇ ಗೊತ್ತಾಯಿತು. ತಳ್ಳಿದರೆ ಬೀಳುತ್ತಿರಲಿಲ್ಲ, ಬೈದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ವಾರದಲ್ಲಿ ಅವನು ಆರು ಮನೆಗಳ ಪರವಾಗಿ ನೀರಿಗೆ, ಗ್ಯಾಸಿಗೆ, ರೇಷನ್ನಿಗೆ ನಿಲ್ಲತೊಡಗಿದ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಬೇರೆ ಊರುಗಳಲ್ಲಿ ಜನ ಒಬ್ಬರ ಹಿಂದೊಬ್ಬರು ನಿಂತರೆ ಅದನ್ನು ಸಾಲು ಎನ್ನುತ್ತಾರೆ, ಸರದಿ ಎನ್ನುತ್ತಾರೆ. ನಿಜಾಮರ ಕಾಲದ ಮಾತುಗಳು ಇನ್ನೂ ನಾಲಿಗೆಯ ಮೇಲೆ ಮನೆ ಮಾಡಿಕೊಂಡಿರುವ ಬೀದರದಲ್ಲಿ ಅದು ಕತಾರ. ಸಮುದ್ರದಾಚೆ, ನೆಲ ತೋಡಿದರೆ ಎಣ್ಣೆ ಉಕ್ಕುವ ಶ್ರೀಮಂತ ದೇಶವೊಂದಿದೆಯಲ್ಲ, ಅದೂ ಕತಾರ. ಉರ್ದು ಓದಿದವರು ಎರಡಕ್ಕೂ ಕಾಗುಣಿತ ಬೇರೆ ಎನ್ನುತ್ತಾರೆ. ಇದ್ದೀತು. ಆದರೆ ಫೋನಿನಲ್ಲಿ ಕಾಗುಣಿತ ಕೇಳಿಸುವುದಿಲ್ಲ.

ಒಂದು ಬೆಳಿಗ್ಗೆ ಔರಾದಿನಿಂದ ಅತ್ತೆ ಅಂಜನಾಬಾಯಿಯ ಫೋನು ಬಂತು. ಅಂಜನಾಬಾಯಿಗೆ ಇಬ್ಬರು ಅಳಿಯಂದಿರು. ದೊಡ್ಡವನು ಕಚೇರಿಯೊಂದರಲ್ಲಿ ಗುಮಾಸ್ತ. ಅವನು ಬಂದರೆ ಪಕ್ಕದ ಮನೆಯಿಂದ ಕುರ್ಚಿ ತರಿಸುತ್ತಿದ್ದಳು. ಮಚ್ಛೇಂದ್ರ ಬಂದರೆ "ಚೀಲದ ಮ್ಯಾಲ ಕೂಡ್ರಿ, ನಿಮಗ ರೂಢಿ ಅದ" ಎನ್ನುತ್ತಿದ್ದಳು.

"ಅಳಿಯಾರ, ಕೆಲಸ ಏನರ ಹತ್ತೇದೇನ್ರಿ? ಹೆಂಡತಿ ಹತ್ತು-ಹದಿನೈದು ದಿನದಾಗ ಹಡೀತಾಳ."

ಊರವರ ಕೊಡ ಹೊರುತ್ತೇನೆ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಎದೆ ಉಬ್ಬಿಸಿ ಅಂದ:

"ಹತ್ತೇದ ಅತ್ತಿ. ಕತಾರದಾಗ ಅದೇನಿ."

ಆಚೆ ಕಡೆ ಪಾತ್ರೆ ಬಿದ್ದ ಸದ್ದು.

"ಕ...ತಾರದಾಗ? ಯಾವಾಗ ಹೋದ್ರಿ?"

"ಮುಂಜಾನಿ ನಾಕಕ್ಕ ಬಂದೀನ್ರಿ."

"ನಮ್ಮ ಕಡಿ ಮಂದಿ ಅದಾರೇನ್ರಿ ಅಲ್ಲಿ?"

"ಭಾಳ ಮಂದಿ ಅದಾರ. ನನ್ನ ಮುಂದಿನಾಂವ ಭಾಲ್ಕಿಯಾಂವ, ಹಿಂದಿನಾಕಿ ಬಗದಲದಾಕಿ. ಬೆಳತನಕ ಜಗಳ."

"ಹೆಣ್ಣುಮಕ್ಕಳೂ ಹೋಗ್ಯಾರ! ಬಿಸಿಲು ಹ್ಯಾಂಗದ್ರಿ?"

"ತಲಿ ಮ್ಯಾಲ ರೊಟ್ಟಿ ಸುಡಬಹುದು."

"ನೀರು?"

"ಟ್ಯಾಂಕರ ಬಂದ್ರ ನೀರು, ಇಲ್ಲಂದ್ರ ಇಲ್ಲ."

"ಮರಳುಗಾಡು ನೋಡ್ರಿ, ಪಾಪ!" ಅಂಜನಾಬಾಯಿ ಲೊಚಗುಟ್ಟಿದಳು. "ಧಣ್ಯಾರು ಹ್ಯಾಂಗ?"

"ಒಬ್ಬಾಕಿ ಬಾಯಿ ಅದಾರ. ಬೈತಾರ ಖರೇ, ಆದ್ರ ಚಾ ಕುಡಸ್ತಾರ."

ಆ ಕಡೆ ಫೋನು ಕೈಬದಲಾಯಿತು. ಈ ಸಲ ಬಂದದ್ದು ಶಾಲುವಿನ ದನಿ. ಅದರಲ್ಲಿ ಬರಗಾಲವಿರಲಿಲ್ಲ, ಕಣ್ಣೀರು ಧಾರಾಳವಾಗಿತ್ತು.

"ನನಗೊಂದ ಮಾತ ಹೇಳದs ವಿಮಾನ ಹತ್ತಿದ್ರಿ, ಹೌದಿಲ್ಲೋ?"

"ಯಾವ ವಿಮಾನ?"

"ಕತಾರದ್ದು!"

ಮಚ್ಛೇಂದ್ರನಿಗೆ ಆಗ ಬೆಳಕಾಯಿತು. ತಿದ್ದಬೇಕೆಂದು ಬಾಯಿಯನ್ನೂ ತೆರೆದ. ಆದರೆ ಅಷ್ಟರಲ್ಲಿ ಫೋನಿನೊಳಗಿಂದ ಅತ್ತೆ ಓಣಿಗೆಲ್ಲ ಕೂಗುತ್ತಿರುವುದು ಕೇಳಿತು: "ನಮ್ಮ ಸಣ್ಣ ಅಳಿಯಾರು ಸಾಹೇಬರಾಗ್ಯಾರ! ಏ ಪಂಢರಿ, ಇನ್ನ ಮ್ಯಾಲ ಅವರ ಸಲುವಾಗಿ ನಮ್ಮ ಮನ್ಯಾಗೇ ಒಂದು ಕುರ್ಚಿ ಇರ್ಬೇಕು, ತಗೊಂಡ ಬಾ!"

"ಹೂಂ..." ಎಂದ ಮಚ್ಛೇಂದ್ರ. "ಲಗೂನs ಆಗಿಬಿಡ್ತು."

ಈ 'ಹೂಂ' ಎಂಬುದು ಕನ್ನಡದ ಅತ್ಯಂತ ಸಣ್ಣ ಸುಳ್ಳು. ಸಣ್ಣದೆಂದು ಯಾರೂ ಅದಕ್ಕೆ ಹೆದರುವುದಿಲ್ಲ, ಅದೇ ತಪ್ಪು.

ಔರಾದು ಶಂಕೆಯಿಲ್ಲದ ಊರೇನಲ್ಲ. ಅಂಜನಾಬಾಯಿಯ ಮೈದುನ ಪಂಢರಿ ಪಂಚಾಯಿತಿ ಕಟ್ಟೆಯ ಮೇಲೆ ದಿನಪತ್ರಿಕೆಯನ್ನು ಕೊನೆಯ ಪುಟದಿಂದ ಓದುವ ಜಾಣ. ಅವನೇ ಕೇಳಿದ: "ವೈನಿ, ಕತಾರಕ್ಕ ಹೋದ್ರೂ ನಂಬರ ಬೀದರದ್ದೇ ಅದಲ್ಲ?"

"ಸಿಮ್ ಒಯ್ದಾರ. ಸ್ವಂತ ಊರಿನ ಅಭಿಮಾನ ಬ್ಯಾಡೇನು?"

"ಹಂಗ ಅನ್ರಿ," ಎಂದು ಪಂಢರಿ ಒಪ್ಪಿದ. ಅಭಿಮಾನದ ಪ್ರಶ್ನೆ ಬಂದ ಮೇಲೆ ಜಾಣರು ವಾದಿಸುವುದಿಲ್ಲ.

ಶಾಲುವಿನ ತಮ್ಮ ಮಾಣಿಕ ಭಾಲ್ಕಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನು ದಿನಕ್ಕೆರಡು ಸಲ ಫೋನು ಮಾಡತೊಡಗಿದ.

"ದಾಜಿ, ಒಂದs ಹೇಳ್ರಿ. ಈಗೂ ಅಲ್ಲೀಗಿ ಬಂದ್ರ ಫಾಯ್ದೆ ಅದೇನು? ಮೊದಲಿನ ಕಾಲ ಹೋಯ್ತು ಅಂತಾರ ಮಂದಿ."

"ಬರಬ್ಯಾಡೋ ಮಾರಾಯಾ!" ಮಚ್ಛೇಂದ್ರ ಪ್ರಾಮಾಣಿಕವಾಗಿಯೇ ಹೇಳಿದ. "ಇಲ್ಲಿ ಮೊದಲೇ ನೂರಾ ಎಂಬತ್ತು ಮಂದಿ. ನೀ ಬಂದ್ರ ಬಾಲದಾಗ ನಿಂದ್ರತಿ."

ಔರಾದಿನಲ್ಲಿ ಈ ಮಾತಿನ ವಿಚಾರಣೆ ನಡೆಯಿತು. ಪಂಢರಿ ತೀರ್ಪು ಕೊಟ್ಟ: "ಹೋದಾಂವ ಬ್ಯಾಡ ಅಂತಾನಂದ್ರ ಅಲ್ಲಿ ಗಟ್ಟಿ ಮಾಲ ಅದ ಅಂತ ಅರ್ಥ. ಬಾ ಬಾ ಅನ್ನಾಂವನ್ನ ನಂಬಬಾರದು." ಮರುದಿನವೇ ಮಾಣಿಕ ಪಾಸ್‌ಪೋರ್ಟಿಗೆ ಅರ್ಜಿ ಬರೆದ. ಆಮೇಲೆ ಮಚ್ಛೇಂದ್ರ ಎಷ್ಟು ಬೇಡವೆಂದನೋ ಅಷ್ಟು ಅರ್ಜಿಗಳು ಔರಾದಿನಿಂದ ಹೊರಟವು.

ಹದಿನೈದು ದಿನಕ್ಕೆ ಶಾಲು ಹೆತ್ತಳು. ಹೆಣ್ಣುಕೂಸು. ಅಂಜನಾಬಾಯಿ ಫೋನನ್ನು ಕೂಸಿನ ಬಾಯಿಗೆ ಹಿಡಿದಳು, ಕೂಸು ಅತ್ತಿತು. ಟ್ಯಾಂಕರಿನ ಮುಂದೆ ನಿಂತಿದ್ದ ಮಚ್ಛೇಂದ್ರನ ಕೈಯಿಂದ ಕೊಡ ಜಾರಿತು. ಮೂರು ತಾಸಿನ ನೀರು ಚೆಲ್ಲಿತೆಂದು ಕತಾರವೆಲ್ಲ ಹೋ ಎಂದಿತು. ಅವನಿಗೆ ಕೇಳಿಸಿದ್ದು ಮಗಳ ಅಳು ಮಾತ್ರ.

"ಅತ್ತಿ, ನಾ ಈಗs ಬಸ್ಸ ಹಿಡೀತೀನಿ!"

"ಕತಾರದಿಂದ ಎಲ್ಲೀದು ಬಸ್ಸು!" ಅತ್ತೆ ನಕ್ಕಳು. "ಸಂತೋಷದಾಗ ತಲಿ ಕೆಟ್ಟದ ನಿಮ್ಮದು. ಹೊಸಾ ನೌಕರಿ, ಸೂಟಿ ಕೊಡಂಗಿಲ್ಲಂತ ನಮಗೂ ತಿಳೀತದ. ಚಿಂತಿ ಮಾಡಬ್ಯಾಡ್ರಿ. ಹನ್ನೆರಡನೇ ದಿನಕ್ಕ ತೊಟ್ಲ ಕಾರ್ಯ ಅದ. ನಿಮ್ಮ ಕುರ್ಚಿ ಮ್ಯಾಲ ನಿಮ್ಮ ಫೋಟೋ ಇಡ್ತೇವಿ. ದೊಡ್ಡದು ಮಾಡಿಸಿ ಕಟ್ಟು ಹಾಕಿಸೇವಿ. ಹಾರಾನೂ ಹೇಳೇವಿ."

"ಹಾರಾನೂ?"

"ಸೇವಂತಿದು. ಎರಡು ಊದಿನಕಡ್ಡಿ ಹಚ್ಚತೇವಿ."

ಮಚ್ಛೇಂದ್ರ ಅಲ್ಲೇ ಕುಸಿದು ಕೂತ. ನಿಲ್ಲುವುದರಲ್ಲಿ ಹೆಸರು ಮಾಡಿದ ಅವನು ಕೂತದ್ದನ್ನು ಕಂಡು ಕತಾರಕ್ಕೆ ಗಾಬರಿಯಾಯಿತು. ಸುಭದ್ರಾಬಾಯಿಗೆ ಅವನು ಎಲ್ಲವನ್ನೂ ಹೇಳಿದ.

"ಹುಟ್ಟಿದ ಹನ್ನೆರಡು ದಿನಕ್ಕ ಆ ಕೂಸು ಹಾರ ಹಾಕಿದ ಅಪ್ಪನ ಫೋಟೋ ನೋಡ್ಬೇಕೇನೋ ಕತ್ತೀ!" ಎಂದು ಅವರು ಗುಡುಗಿದರು. "ಹೋಗು, ಖರೇ ಹೇಳು."

"ಹೋಗ್ತೀನ್ರಿ ಬಾಯಾರ. ಆದ್ರ ಮೊದಲ ಮಗಳ ಮಾರಿ ನೋಡಿ, ಆಮ್ಯಾಲ ಹೇಳ್ತೀನಿ. ಮೊದಲs ಹೇಳಿದ್ರ ನಮ್ಮ ಅತ್ತಿ ಬಾಗಲಾ ಹಾಕ್ತಾಳ."

ಹನ್ನೆರಡನೇ ದಿನ ಅವನು ಕತಾರದಿಂದ 'ಮರಳಿ' ಬಂದ. ಕಪ್ಪು ಕನ್ನಡಕ, ಹೊಸ ಅಂಗಿ, ಬಜಾರಿನ ಖರ್ಜೂರ, ಓಣಿಯ ಅಕ್ತರಬೀ ಪ್ರೀತಿಯಿಂದ ಮೈಮೇಲೆ ಸುರಿದ ಅರ್ಧ ಶೀಷೆ ಅತ್ತರು, ಇಷ್ಟೇ ಅವನ ವಿದೇಶ. ಔರಾದಿನ ಬಸ್ಸಿನಲ್ಲಿ ಕಂಡಕ್ಟರ್ ದಸ್ತಗೀರ ಮೂಗು ಮುಚ್ಚಿಕೊಂಡೇ ಟಿಕೀಟು ಹರಿದ. ಅವನೂ ಅದೇ ಓಣಿಯವನು.

"ಏನಪಾ ಮಚ್ಛೇಂದ್ರ, ಇವತ್ತ ಕತಾರ ಬಿಟ್ಟು ಇತ್ಲಾಗ ಹೊಂಟಿ?"

"ಒಂದ ದಿನದ ಸಲುವಾಗಿ."

"ಜಾಗಾ ಹೋದೀತು ನೋಡು. ಕತಾರದಾಗ ಒಮ್ಮಿ ಜಾಗಾ ಬಿಟ್ರ ಮತ್ತ ಸಿಗಂಗಿಲ್ಲ."

ಹಿಂದಿನ ಸೀಟಿನಲ್ಲಿದ್ದ ಔರಾದಿನ ಇಬ್ಬರು ಮುದುಕರು ಮುಖ ಮುಖ ನೋಡಿಕೊಂಡರು. ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಸುದ್ದಿ ಇಳಿದು ಓಡಿತ್ತು.

ಅತ್ತೆಯ ಅಂಗಳದಲ್ಲಿ ನಿಜವಾಗಿಯೂ ಕುರ್ಚಿಯಿತ್ತು. ಅದರ ಮೇಲೆ ಕಟ್ಟು ಹಾಕಿದ ಮಚ್ಛೇಂದ್ರ, ಹಾರ ಹಾಕಿಕೊಂಡು, ಎರಡು ಊದಿನಕಡ್ಡಿಗಳ ನಡುವೆ ನಗುತ್ತಿದ್ದ. ಅಂಜನಾಬಾಯಿ ಓಡಿ ಬಂದು ಫೋಟೋ ಎತ್ತಿ ಪಂಢರಿಗೆ ಕೊಟ್ಟು, ಹಾರವನ್ನು ಮೂಲ ಪ್ರತಿಗೆ ಹಾಕಿದಳು.

"ಮಗಳು ಎಲ್ಲಿದಾಳ್ರಿ ಅತ್ತಿ?"

"ಒಳಗ. ಹೆಣ್ಮಕ್ಕಳ ಶಾಸ್ತ್ರ ನಡದದ, ಕೂಡ್ರಿ. ಮಂದಿ ನಿಮ್ಮ ಸುದ್ದಿ ಕೇಳಿ ಓಡಿ ಬಂದು ನಿಂತಾರ."

ಹೌದು, ನಿಂತಿದ್ದರು. ಬಾಗಿಲಿನಿಂದ ಓಣಿಯ ತಿರುವಿನ ತನಕ ಒಬ್ಬರ ಹಿಂದೊಬ್ಬರು. ಎಲ್ಲರದೂ ಒಂದೇ ಪ್ರಶ್ನೆ: ಹೋಗುವುದೋ, ಬಿಡುವುದೋ? ಪದವಿ ಓದಿದವನೊಬ್ಬ, ಅಲ್ಲಿ ಪದವಿ ಕೇಳುತ್ತಾರೆಯೇ ಎಂದ. ಡ್ರೈವರನೊಬ್ಬ, ಅಲ್ಲಿ ಎಮ್ಮೆಗಳು ರಸ್ತೆಗೆ ಅಡ್ಡ ಬರುತ್ತವೆಯೇ ಎಂದ. ಮುದುಕಿಯೊಬ್ಬಳು ತನಗೆ ಹೋಗುವುದೇನಿಲ್ಲ, ಮೊಮ್ಮಗ ಹೋದರೆ ಅವನ ಮೊಬೈಲು ತನಗೆ ಬಿಟ್ಟುಹೋಗುತ್ತಾನೆಯೇ ಎಂದು ಕೇಳಿದಳು. ಮಚ್ಛೇಂದ್ರ ಎಲ್ಲರಿಗೂ 'ಬ್ಯಾಡ' ಎಂಬ ಒಂದೇ ಉತ್ತರ ಕೊಡುತ್ತ, ಕುತ್ತಿಗೆ ಉದ್ದ ಮಾಡಿ ಒಳಕೋಣೆಯ ಪರದೆ ನೋಡುತ್ತಿದ್ದ. ಪರದೆಯಾಚೆ ಒಮ್ಮೆ ಒಂದು ಬೆರಳುದ್ದದ ಪಾದ ಕಂಡಿತು. ಮತ್ತೆ ಮರೆಯಾಯಿತು.

ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ ತಿಳಿದ ಮಾಣಿಕ ಭಾಲ್ಕಿಯಿಂದ ಬಂದ. ಒಬ್ಬನೇ ಬರಲಿಲ್ಲ. ಮೋಟರ್‌ಸೈಕಲ್ಲಿನ ಹಿಂದೆ ಬಿಳಿ ಗಡ್ಡದ ಕರೀಮ ಸಾಬರನ್ನು ಕೂರಿಸಿಕೊಂಡು ಬಂದಿದ್ದ.

"ದಾಜಿ, ಇವರು ಹನ್ನೊಂದು ವರ್ಷ ಕತಾರದಾಗ ಇದ್ದು ಬಂದಾರ. ನೀವಿಬ್ಬರೂ ಮಾತಾಡ್ರಿ, ನಾ ಕೇಳ್ತೇನಿ. ಹೋಗ್ಬೇಕೋ ಬ್ಯಾಡೋ ಇವತ್ತs ತೀರ್ಮಾನ."

ಮಚ್ಛೇಂದ್ರನ ಅತ್ತರು ಬೆವರಿಗೆ ಸೋತಿತು. ಕರೀಮ ಸಾಬರು ಎದುರಿಗೆ ಕೂತು ಕಣ್ಣು ಕಿರಿದು ಮಾಡಿದರು.

"ದೋಹಾದಾಗ ಎಲ್ಲಿ ಇರ್ತೀರಿ?"

ದೋಹಾ ಎಂಬ ಊರಿದೆಯೆಂದು ಮಚ್ಛೇಂದ್ರನಿಗೆ ಆ ಕ್ಷಣ ತಿಳಿಯಿತು. "ನೀರಿನ ಟಾಕಿ ಬಲ್ಲಿ," ಎಂದ.

"ಯಾವ ಟಾಕಿ? ಕೆಲಸ ಏನು?"

ಮಚ್ಛೇಂದ್ರ ಸುಳ್ಳು ಹುಡುಕಿದ, ಸಿಗಲಿಲ್ಲ. ಸಿಕ್ಕದ್ದನ್ನೇ ಹೇಳಿದ.

"ನಿಂದ್ರೂದು."

"ನಿಂದ್ರೂದು?"

"ಮುಂಜಾನಿ ನಾಕಕ್ಕ ಎದ್ದು ನಿಂದ್ರೂದ್ರಿ. ನೆಳ್ಳಿಲ್ಲ. ಮುಂದಿನಾಂವ ಒಂದು ಹೆಜ್ಜಿ ಹಾಕಿದ್ರ ನಾವೂ ಒಂದು. ನಮ್ಮ ಪಾಳಿ ಬಂತು ಅನ್ನದ್ರಾಗ ಯಾವನೋ ಸಾಹೇಬ ನಡಕ ಹೊಕ್ಕೋತಾನ. ಬಾಯಿ ತೆರದ್ರ ಹೊರಗ ಹಾಕ್ತಾರ. ಹೊರೂದು ನಾವು, ತುಂಬೂದು ಇನ್ನೊಬ್ಬರ ಮನಿ. ಸಂಜಿಗೆ ಖೋಲಿಗೆ ಹೋದ್ರ ಉಂಡ್ಯಾ ಅಂತ ಕೇಳವರಿಲ್ಲ."

ಕರೀಮ ಸಾಬರ ಕಣ್ಣೀರು ಗಡ್ಡಕ್ಕಿಳಿಯಿತು. ಎದ್ದು ಬಂದು ಮಚ್ಛೇಂದ್ರನನ್ನು ಹಾರ ಸಮೇತ ಅಪ್ಪಿಕೊಂಡರು.

"ಇಂವ ಕತಾರಕ್ಕ ಹೋಗಿದ್ದು ನೂರಕ್ಕ ನೂರು ಖರೇ! ಬಂದವರೆಲ್ಲ ಎತ್ತರದ ಬಿಲ್ಡಿಂಗು, ತಣ್ಣನ ಹವಾ ಅಂತ ಬಡಾಯಿ ಹೊಡೀತಾರ. ಅರೆ ಮಿಯಾ, ಬಸ್ಸಿಗೆ ನಿಂತೀವಿ, ರೊಟ್ಟಿಗೆ ನಿಂತೀವಿ, ಸಂಡಾಸಕ್ಕ ನಿಂತೀವಿ, ಮನಿಗೆ ರೊಕ್ಕ ಕಳಸ್ಲಿಕ್ಕೆ ನಿಂತೀವಿ! ಇದನ್ನ ಇವತ್ತಿನ ತನಕ ಒಬ್ಬರೂ ಹೇಳಿದ್ದಿಲ್ಲ!"

ಓಣಿ ಚಪ್ಪಾಳೆ ತಟ್ಟಿತು. ಅಂಜನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಣಿಕನ ಮುಖ ಮಾತ್ರ ಸಣ್ಣದಾಯಿತು.

"ಅಂದ್ರ ಹೋದ್ರ ಫಾಯ್ದೆ ಇಲ್ಲೇನ್ರಿ ಚಾಚಾ?"

"ಇಲ್ಲಂತ ಯಾಂವ ಅಂದ? ಭಾಲ್ಕಿಯಾಗ ಮನಿ ಕಟ್ಟಿದೆ. ಎರಡು ಮಕ್ಕಳ ಲಗ್ನ ಮಾಡಿದೆ. ಸುಳ್ಳ್ಯಾಕ ಹೇಳಲಿ?" ಕರೀಮ ಸಾಬರು ಕೂತರು. "ಆದ್ರ ನಾ ಹೋದಾಗ ಸಣ್ಣಾಕಿ ತೊಟ್ಲಾಗಿದ್ಲು. ಮೊದಲನೇ ಸೂಟಿಗೆ ಬಂದು ಬಾಗಲಾ ಬಡದೆ. ಅಕಿನೇ ತೆರದ್ಲು. ನನ್ನ ನೋಡಿ ಒಳಗ ಓಡಿ, 'ಅಮ್ಮೀ, ಯಾರೋ ಬಾಡಿಗಿ ಕೇಳ್ಲಿಕ್ಕೆ ಬಂದಾರ' ಅಂದ್ಲು."

ಯಾರೋ ನಕ್ಕರು. ನಕ್ಕವರು ಅರ್ಧಕ್ಕೇ ನಿಲ್ಲಿಸಿದರು.

ಪರದೆಯ ಒಳಗಿನಿಂದ ಶಾಲುವಿನ ದನಿ ಬಂತು. "ಅವ್ವಾ, ಹೊರಗ ಹೇಳು. ಕೂಸಿನ್ನ ಅವರ ಕೈಯಾಗ ಕೊಡಂಗಿಲ್ಲ. ಇವತ್ತ ಎತ್ಕೊಂಡು ನಾಳೆ ವಿಮಾನ ಹತ್ತತಾರ. ಅಕಿಗೆ ಅವರ ಬಿಸಿ ರೂಢಿ ಮಾಡಿಸಿ ಆಮ್ಯಾಲ ನಾ ಏನು ಮಾಡ್ಲಿ? ಇರೂದಾದ್ರ ಒಳಗ ಬರ್ಲಿ. ಹೋಗೂದಾದ್ರ ಫೋಟೋ ಸಾಕು."

ಮಚ್ಛೇಂದ್ರ ಕುರ್ಚಿಯ ಮೇಲೇ ಎದ್ದು ನಿಂತ.

"ನಾ ಎಲ್ಲೀಗೂ ಹೋಗಿಲ್ಲ! ಹೋಗಂಗೂ ಇಲ್ಲ! ಬೀದರದಾಗs ಅದೇನಿ! ಮಂದಿ ಕೊಡಾ ಹಿಡಕೊಂಡು ನೀರಿನ ಕತಾರದಾಗ ನಿಂದ್ರತೇನಿ! ಆ ಕತಾರ ಬ್ಯಾರೆ, ಈ ಕತಾರ ಬ್ಯಾರೆ!"

ಪಂಢರಿ ಗದ್ಗದಿತನಾಗಿ ಅಂದ: "ನೋಡ್ರಿ ಮಂದಿ ನೋಡ್ರಿ! ಅಷ್ಟು ದೊಡ್ಡ ದೇಶ ತಿರುಗಿ ಬಂದ್ರೂ ಒಂದು ಕೂದಲೆಳಿ ಸೊಕ್ಕಿಲ್ಲ!"

"ಖರೇನs ಹೇಳ್ಲತೀನಿ ಕಾಕಾ!"

"ಸುಮ್ನಿರ್ರಿ. ಕರೀಮ ಸಾಬರೇ ಸಾಕ್ಷಿ ಅಂದ ಮ್ಯಾಲ ನೀವ್ಯಾರು ಅಲ್ಲ ಅನ್ನಾವ್ರು?"

ತನ್ನ ಸುಳ್ಳನ್ನು ನಂಬಿಸಲು ಒಂದು ಹೂಂ ಸಾಕಾಗಿತ್ತು. ಸತ್ಯಕ್ಕೆ ಕೂಗಾಟ, ಕುರ್ಚಿ ಯಾವುದೂ ಸಾಲಲಿಲ್ಲ. ಆಗಲೇ ಅವನ ಜೇಬಿನಲ್ಲಿ ಫೋನು ಕುಣಿಯಿತು. ಅವಸರದಲ್ಲಿ ಯಾವುದನ್ನೋ ಒತ್ತಿದ. ಫೋನಿನ ದನಿ ಅಂಗಳಕ್ಕೆಲ್ಲ ಕೇಳುವಂತೆ ಹೊರಬಿತ್ತು.

"ಮಚ್ಛೇಂದ್ರಾ! ಇನ್ನೂ ಎಷ್ಟೊತ್ತೋ ಬರೂದು? ಟ್ಯಾಂಕರ ಬಂದದ! ನಿನ್ನ ಜಾಗಾದಾಗ ನನ್ನ ಕೊಡಾ ಒಂದs ನಿಂತದ, ಮಂದಿ ಅದನ್ನ ಹಿಂದಕ್ಕ ಸರಸಲತಾರ!"

"ನೋಡ್ರಿ," ಎಂದ ಪಂಢರಿ, "ಸೂಟಿ ಮ್ಯಾಲ ಬಂದ್ರೂ ಅರಬರು ಬಿಡವಲ್ಲರು."

"ಕನ್ನಡ ಮಾತಾಡ್ತಾರಲ್ಲೋ," ಎಂದರು ಯಾರೋ.

"ಅಷ್ಟು ಮಂದಿ ನಮ್ಮವರು ಹೋದ ಮ್ಯಾಲ ಅವರೂ ಕಲೀಬೇಕಲ್ಲ!"

ಆದರೆ ಪರದೆ ಸರಿದಿತ್ತು. ಶಾಲು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಎದುರುಮನೆಯ ಆ ಗುಡುಗನ್ನು ಅವಳು ಮದುವೆಯಾದಂದಿನಿಂದ ದಿನವೂ ಕೇಳಿದ್ದಳು. ಬಂದು ಗಂಡನ ಕೈಯಿಂದ ಫೋನು ಕಸಿದುಕೊಂಡಳು.

"ಸುಭದ್ರಾಬಾಯಾರ? ನಾ ಶಾಲೂರಿ."

"ಅಯ್ಯ, ಶಾಲೂ! ಕೂಸು ಹ್ಯಾಂಗದ? ನಿನ್ನ ಗಂಡ ಬಂದು ಮುಟ್ಟಿದನೇನವಾ? ತಿಂಗಳಾತು, ಬಿಸಿಲಾಗ ನಿಂತು ನಿಂತು ಕರ್ರಗ ಆಗ್ಯಾನ. 'ಮಗಳ ಮಾರಿ, ಮಗಳ ಮಾರಿ' ಅಂತ ಅದೊಂದs ಜಪ. ಬೈಬ್ಯಾಡ ಅವಂಗ. ನಾ ಬೈದೀನಿ."

ಶಾಲು ಫೋನು ಇಟ್ಟಳು. ಗಂಡನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಕನ್ನಡಕ, ಹಾರ, ಅತ್ತರು.

"ಬೀದರದಾಗ ಇದ್ರಿ."

"ಇದ್ದೆ."

"ತಾಸು ಒಂದೂವರಿ ತಾಸಿನ ಹಾದಿ."

"ನಾ ಹೂಂ ಅಂದುಬಿಟ್ಟಿದ್ದೆ ಶಾಲೂ."

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬಂದಿತ್ತು ಕೂಡ, ಆದರೆ ಅದನ್ನು ಹಿಂದೆ ತಳ್ಳಿ ನಗು ನಡುವೆ ನುಗ್ಗಿಬಿಟ್ಟಿತು. ನಗು ನೋಡಿ ಮಾಣಿಕ ನಕ್ಕ. ಕರೀಮ ಸಾಬರು ಮೊದಲು ಮುಖದಲ್ಲಿ ಸಿಡುಕು ತಂದುಕೊಂಡರು, ಆಮೇಲೆ ಕೆಮ್ಮು ಬರುವ ತನಕ ನಕ್ಕರು. "ಮೂವತ್ತು ಮೈಲಿಯಾಗ ಇದ್ದು ನನಗ ಅಳಿಸಿದ್ಯಲ್ಲೋ ಹರಾಮಖೋರ!"

ನಗದವಳು ಅಂಜನಾಬಾಯಿ ಒಬ್ಬಳೇ. ಅವಳು ಒಮ್ಮೆ ಅಳಿಯನನ್ನು ನೋಡಿದಳು, ಒಮ್ಮೆ ಹೊಸ ಕುರ್ಚಿಯನ್ನು ನೋಡಿದಳು, ಒಮ್ಮೆ ಹಿಂದೆ ನಿಂತು ಏನೂ ಕೇಳಿಸದೆ ಕುತ್ತಿಗೆ ಚಾಚುತ್ತಿದ್ದ ಓಣಿಯ ಬಾಲವನ್ನು ನೋಡಿದಳು. ಸೆರಗು ಬಿಗಿದು ಕಟ್ಟೆ ಹತ್ತಿದಳು.

"ಕೇಳ್ರೆವ್ವಾ, ಕೇಳ್ರೆಪ್ಪಾ! ನಮ್ಮ ಸಣ್ಣ ಅಳಿಯಾರು ಕತಾರ ಬಿಟ್ಟುಬಿಟ್ಟಾರ! ಮಗಳ ಮಾರಿ ಮುಂದ ಯಾವ ನೌಕರಿನೂ ಧೂಳಿಗೆ ಸಮ! ಇನ್ನ ಯಾರೂ ಅವರಿಗೆ ಆ ಮಾತು ಕೇಳಬ್ಯಾಡ್ರಿ, ಅವರ ಜೀವಕ್ಕ ತ್ರಾಸ ಆಗ್ತದ! ಒಳಗ ಬಂದು ಉಂಡು ಹೋಗ್ರಿ!"

ಇದರಲ್ಲಿ ಸುಳ್ಳೆಂದು ತೋರಿಸಬಹುದಾದ ಒಂದು ಅಕ್ಷರವೂ ಇರಲಿಲ್ಲ. ಔರಾದಿನಿಂದ ಕತಾರಕ್ಕೆ ಹೋಗಿ ಬಂದವರು ಆಮೇಲೆ ಎಷ್ಟೋ ಜನ ಆದರು. ಹೋಗದೆಯೇ ಬಿಟ್ಟು ಬಂದ ಕೀರ್ತಿ ಮಾತ್ರ ಒಬ್ಬನದೇ.

"ದಾಜಿ," ಮಾಣಿಕ ಮೆಲ್ಲಗೆ ಕಿವಿಯ ಹತ್ತಿರ ಬಂದ, "ಖರೇ ಹೇಳ್ರಿ. ನಾ ಹೋಗ್ಲೋ ಬ್ಯಾಡೋ?"

"ನಿನ್ನ ಸಲುವಾಗಿ ಬಾಗಲದಾಗ ಯಾರು ನಿಂದ್ರತಾರ ಅದನ್ನ ಮೊದಲ ನೋಡಪಾ. ಆಮ್ಯಾಲ ಹೋಗು, ಇಲ್ಲಾ ಇರು," ಎಂದ ಮಚ್ಛೇಂದ್ರ. ಇದು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಆಶ್ಚರ್ಯವಾಯಿತು. ಭಾಲ್ಕಿಯಲ್ಲಿ ಯಾವುದೋ ಬಾಗಿಲು ನೆನಪಾಗಿ ಮಾಣಿಕನ ಕಿವಿ ಕೆಂಪಾಯಿತು. ಅವನು ಮತ್ತೇನೂ ಕೇಳದೆ ಎಲೆ ಹಾಕಲು ಹೋದ.

"ಹಿಡೀರಿ," ಎಂದಳು ಶಾಲು. "ಕೊಡಾ ಹಿಡಿದಂಗ ಹಿಡೀಬ್ಯಾಡ್ರಿ ಮತ್ತ. ಕುತ್ತಿಗಿ ಕೆಳಗ ಕೈ ಕೊಡ್ರಿ."

ಮಚ್ಛೇಂದ್ರ ಕನ್ನಡಕ ತೆಗೆದ. ಕ್ವಿಂಟಾಲುಗಟ್ಟಲೆ ತೂಗಿದ ಕೈಗಳಿಗೆ ಇಷ್ಟು ಹಗುರವಾದದ್ದು ಎಂದೂ ಬಂದಿರಲಿಲ್ಲ. ತೂಕ ತಪ್ಪೀತೆಂದು ಕೂಸನ್ನು ಎದೆಗಾನಿಸಿಕೊಂಡ. ಮಗಳು ಒಂದು ಕಣ್ಣು ತೆರೆದು ಅಪ್ಪನನ್ನು ನೋಡಿದಳು. ಮೂಗು ಅರಳಿಸಿ ಅತ್ತರನ್ನು ಪರೀಕ್ಷಿಸಿದಳು. ಸುದೀರ್ಘವಾಗಿ ವಿಚಾರ ಮಾಡಿದವಳಂತೆ ಹುಬ್ಬು ಗಂಟಿಕ್ಕಿ, ಮರುಕ್ಷಣ ಅವನ ಅಂಗಿಯ ಮೇಲೆ ಬೆಚ್ಚಗೆ, ನಿಧಾನವಾಗಿ, ಯಾರಿಗೂ ಹೆದರದೆ ಉಚ್ಚೆ ಹೊಯ್ದಳು.

"ಅಯ್ಯಯ್ಯ, ಹೊಸಾ ಅಂಗಿ!" ಎಂದು ಹೆಂಗಸರೆಲ್ಲ ಕೂಗಿಕೊಂಡರು.

ಮಚ್ಛೇಂದ್ರ ಅಲ್ಲಾಡಲಿಲ್ಲ. ಅಂಗಿಯಿಂದ ಧೋತರಕ್ಕೆ, ಧೋತರದಿಂದ ನೆಲಕ್ಕೆ ಇಳಿಯುತ್ತಿದ್ದ ಆ ಹನಿಗಳನ್ನು ಅವನು ಬೆರಗಾಗಿ ನೋಡುತ್ತ ನಿಂತ. ಆ ವರ್ಷ ಇಡೀ ಜಿಲ್ಲೆಯಲ್ಲಿ, ಮುಂದೆ ಒಬ್ಬರಿಲ್ಲದೆ, ಹಿಂದೆ ಒಬ್ಬರಿಲ್ಲದೆ, ಕೇಳುವ ಮೊದಲೇ ಅವನ ಪಾಲಿಗೆ ಬಂದ ನೀರು ಅದೊಂದೇ.